ತಾಮ್ರ, ಜರ್ಮನ್ ಮತ್ತು ಕಾಕುವಿನ ಪಟ್ಟಾ

ಮೊದಲಿಗೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬೈಯುವುದು ಬೇಡ. ಅವತ್ತು ಸಿಂದಗಿಯ ಗಿರಣಿಯಲ್ಲಿ "ಹಾಕ" ಎಂದು ಕೂಗಿದವನು ಕಾಕಾ ಅಲ್ಲ, ನಾನು. ಕಾಕಾನ ಬೆರಳುಗಳು ಆಗ ಲೇತ್ ಯಂತ್ರದ ದವಡೆಯೊಳಗಿದ್ದವು. ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ನಿಜ. ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು ಎನ್ನುವುದೂ ಅಷ್ಟೇ ನಿಜ.

ಇದೆಲ್ಲ ಈಗ ನೆನಪಾದದ್ದು ಒಂದು ನಾತದಿಂದ. ನಾನೀಗ ಬಸ್ ಕಂಡಕ್ಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಊರಿನ ಆಚೆ ಭೂಮಿ ಇದೆ ಎಂದು ಪ್ರಯಾಣಿಕರು ಹೇಳುತ್ತಾರೆ, ನಾನಂತೂ ನೋಡಿಲ್ಲ. ಮೊನ್ನೆ ಆಲಮೇಲ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಡ್ರೈವರು ಬ್ರೇಕಿನ ಮೇಲೆ ನಿಂತೇಬಿಟ್ಟ. ಬಸ್ಸು ನಿಂತಿತು, ಎಮ್ಮೆ ನಿಲ್ಲಲಿಲ್ಲ, ತನ್ನ ಪಾಡಿಗೆ ಹೋಯಿತು. ಚಕ್ರದ ಬುಡದಿಂದ ಒಂದು ವಾಸನೆ ಎದ್ದಿತು. ಬೆಂಕಿಯಿಲ್ಲದೆ ಸುಟ್ಟ ವಾಸನೆ, ಬರೀ ಉಜ್ಜಿ ಉಜ್ಜಿ ಕಾದದ್ದು. ಜನ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಟಿಕೆಟ್ ಹರಿಯುವುದನ್ನು ಮರೆತು ನಿಂತೆ. ಆ ಗಳಿಗೆ ನನ್ನ ಕೈಯಲ್ಲಿ ಟಿಕೆಟ್ ಪೆಟ್ಟಿಗೆ ಇರಲಿಲ್ಲ, ಜಾಲಿ ಕಟ್ಟಿಗೆಯ ತುಂಡಿತ್ತು...

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮ್ಯಾಟ್ರಿಕ್ ಎರಡು ಸಲ ನಪಾಸಾಗಿದ್ದೆ. ಮೂರನೆಯ ಸಲ ಕೂರುವ ಧೈರ್ಯ ನನಗಿತ್ತು, ನಮ್ಮಪ್ಪನಿಗಿರಲಿಲ್ಲ. ಓಣಿಯ ಕೊನೆಯಲ್ಲಿ ಕಬ್ಬಿಣ ಕಡೆಯುತ್ತಿದ್ದ ಕಾಕಾನ ಲೇತಿಗೆ ಕೆಲಸಕ್ಕೆ ಹಚ್ಚಿದರು. ಕಾಕಾ, ಕಾಕು ನಮ್ಮ ಸಂಬಂಧಿಕರೇನಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾವೂ ಕರೆದೆವು.

ಒಂದು ಗೋಡೆ. ಗೋಡೆಯ ಆಚೆ ಕಾಕುವಿನ ಹಿಟ್ಟಿನ ಗಿರಣಿ, ಈಚೆ ಕಾಕಾನ ಲೇತ್. ಎರಡಕ್ಕೂ ಸೇರಿ ಮೋಟರು ಒಂದೇ, ಅದೂ ಕಾಕುವಿನ ಕಡೆ. ಅಲ್ಲಿಂದ ಗೋಡೆಯ ಕಿಂಡಿಯೊಳಗೆ ಹಾದು ಬಂದ ಉದ್ದನೆಯ ಬೆಲ್ಟು, ನಮ್ಮ ಮಾತಿನ ಪಟ್ಟಾ, ಈಚೆಯ ಲೇತನ್ನು ತಿರುಗಿಸುತ್ತಿತ್ತು. ಲೇತ್ ಬೇಡವಾದಾಗ ಪಟ್ಟಾ ಪಕ್ಕದ ಖಾಲಿ ಗಾಲಿಯ ಮೇಲೆ ಪಟಪಟ ಎನ್ನುತ್ತ ಸುಮ್ಮನೆ ಓಡುತ್ತಿತ್ತು. ಕಾಕಾ ಈಚೆಯಿಂದ "ಹಾಕ" ಎಂದು ಕೂಗಿದರೆ ಕಾಕು ಆಚೆಯಿಂದ ಒಂದು ಬಡಿಗೆಯಲ್ಲಿ ಪಟ್ಟಾ ಸರಿಸಿ ಲೇತಿನ ಗಾಲಿಗೆ ಹಾಕುತ್ತಿದ್ದಳು. "ತಗಿ" ಎಂದರೆ ಸರಿಸಿ ತೆಗೆಯುತ್ತಿದ್ದಳು. ಕಿಂಡಿಯಲ್ಲಿ ಪಟ್ಟಾ ಕಾಣುತ್ತಿತ್ತೇ ಹೊರತು ಮನುಷ್ಯರು ಕಾಣುತ್ತಿರಲಿಲ್ಲ. ಆಚೆ ಬೀಸುಕಲ್ಲಿನ ಗದ್ದಲ, ಈಚೆ ಕಬ್ಬಿಣದ ಗದ್ದಲ. ಅಷ್ಟರ ನಡುವೆ ಗಂಡನ ಬೆರಳುಗಳೆಲ್ಲ ಹೆಂಡತಿಯ ಕಿವಿಯನ್ನು ನಂಬಿಕೊಂಡಿದ್ದವು.

ಕಾಕು ದಪ್ಪನೆಯ ಹೆಂಗಸು. ಹಿಟ್ಟು ಬಿದ್ದೂ ಬಿದ್ದೂ ಅವಳ ಮೂಲ ಬಣ್ಣ ಯಾವುದೆಂದು ಅಮಾವಾಸ್ಯೆಗೆ ಗಿರಣಿ ಬಂದ್ ಇದ್ದಾಗ ಮಾತ್ರ ತಿಳಿಯುತ್ತಿತ್ತು. ಯಾರಿಗೂ ಅಂಜದವಳು. ರೊಕ್ಕ ಬಾಕಿ ಇಟ್ಟ ಪೊಲೀಸ್ ಫೌಜುದಾರನಿಗೇ ಹಿಟ್ಟು ಕೊಡದೆ ಕೂರಿಸಿದ್ದಳು. ಆದರೆ ಗೋಡೆಯ ಮೇಲಿನ ಒಂದು ಗಂಟಿಗೆ ಅಂಜುತ್ತಿದ್ದಳು.

ಆ ಗಂಟು ತಂತಿಯದು. ಊರೂರಿಗೆ ಕರೆಂಟಿನ ಕಂಬ ಬರುತ್ತಿದ್ದ ಕಾಲ ಅದು. ಕಂಬದಿಂದ ಮನೆಗೆ ಎಳೆಯುತ್ತಿದ್ದದ್ದು ಅಲ್ಯುಮಿನಿಯಂ ತಂತಿ, ನಮ್ಮ ಕಡೆಯ ಮಾತಿನಲ್ಲಿ ಜರ್ಮನ್. ಮೋಟರಿನಿಂದ ಹೊರಟದ್ದು ತಾಮ್ರದ ತಂತಿ. ವಾಯರಮನ್ ಎರಡನ್ನೂ ಹೊಸೆದು, ಮೇಲೆ ಪಟ್ಟಿ ಸುತ್ತಿ, ಚಹಾ ಕುಡಿದು ಹೋಗುತ್ತಿದ್ದ. ಸ್ವಲ್ಪ ದಿನಕ್ಕೆ ಗಂಟಿನ ಮೇಲೆ ಬಿಳಿ ಬೂದಿಯಂಥದ್ದು ಏಳುತ್ತಿತ್ತು. ಬಿಸಿಯಾಗುತ್ತಿತ್ತು, ಸಡಿಲಾಗುತ್ತಿತ್ತು, ಇನ್ನಷ್ಟು ಬಿಸಿಯಾಗುತ್ತಿತ್ತು. ಕೊನೆಗೊಂದು ದಿನ ಚಿಟಿಚಿಟಿ. ಒಮ್ಮೆ ಹಾಗೆ ಹಾರಿದ ಕಿಡಿ ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟಿಗೆ ತಾಗಿ ಭಗ್ಗೆಂದಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲ ಮುಗಿದಿತ್ತು, ಕಾಕುವಿನ ಹುಬ್ಬುಗಳೂ ಮುಗಿದಿದ್ದವು. ಅಂದಿನಿಂದ ಅವಳು ಆ ಗೋಡೆಗೆ ಬೆನ್ನು ಮಾಡಿ ಕೂತದ್ದನ್ನು ನಾನು ನೋಡಿರಲಿಲ್ಲ. ಜೋಳ ಅಳೆಯುವಾಗಲೂ ಒಂದು ಕಣ್ಣು ಗಂಟಿನ ಮೇಲೆ. ಮಾತಿನ ನಡುವೆ ಥಟ್ಟನೆ ನಿಲ್ಲಿಸಿ ಗಾಳಿ ಮೂಸುವಳು.

ನಾನು ಅದನ್ನೂ ಅಣಕಿಸಿ ತೋರಿಸುತ್ತಿದ್ದೆ. ಕಣ್ಣು ದೊಡ್ಡದು ಮಾಡಿ, ಮೂಗು ಮೇಲೆತ್ತಿ, ಹಿಟ್ಟು ಒಯ್ಯಲು ಬಂದ ಹೆಂಗಸರ ಮುಂದೆ. ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಕಾಕು ಮಾತ್ರ, "ನಗು ಮಂಗ್ಯಾ, ನಗು. ನಿನ್ನ ಹುಬ್ಬು ಇನ್ನೂ ಇದ್ದಲ್ಲೇ ಅದಾವ" ಎನ್ನುವಳು.

ಮಂಗ್ಯಾ ಎನ್ನುವುದು ನನಗೆ ಸಲ್ಲುವ ಹೆಸರೇ. ಇಂಡಿಯ ನಿಂಬೆಹಣ್ಣಿನ ದಲಾಲಿ, ಬಾಗೇವಾಡಿಯ ಎತ್ತಿನ ವ್ಯಾಪಾರಿ, ನನ್ನನ್ನು ನಪಾಸು ಮಾಡಿದ ಗಣಿತದ ಮಾಸ್ತರರು, ನಪಾಸಾದ ಸುದ್ದಿ ಮನೆಗೆ ಹೇಳುವಾಗಿನ ನಾನು, ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಿಡಾರ ಹೂಡಿತ್ತು. ನನ್ನದೇ ದನಿಗೆ ಮಾತ್ರ ಅಲ್ಲಿ ಜಾಗ ಸಾಲುತ್ತಿರಲಿಲ್ಲ.

ಕಾಕಾ ದೊಡ್ಡ ಬಡಾಯಿಯವ. ಪುಣೆಯ ಯಾವುದೋ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದು ಬಂದಿದ್ದ. ಮಾತು ಎತ್ತಿದರೆ "ನಾ ಪುಣೇದಾಗ ನೋಡೇನಿ". ಊಟಕ್ಕೆ ಕೂತರೆ ಪುಣೆಯ ಮೆಣಸಿನಕಾಯಿಯೂ ಬರುತ್ತಿತ್ತು. ಹುಬ್ಬು ಸುಟ್ಟ ಮೇಲೆ ಒಂದು ದಿನ ಘೋಷಿಸಿದ.

"ತಾಮ್ರಾ, ಜರ್ಮನ್ ಹೊಸದ್ರ ಕೂಡೂದಿಲ್ಲ. ಬೆಂಕಿ ಹಚ್ಚಿದ್ರ ತಾಮ್ರಾ ಕೆಂಪಾಗೂದ್ರಾಗ ಜರ್ಮನ್ ನೀರಾಗಿ ಹರದ ಹೋಗತೈತಿ. ಇವನ್ನ ಉಜ್ಜಿ ಕೂಡಸಬೇಕು. ನಾ ಪುಣೇದಾಗ ಮಶೀನ ನೋಡೇನಿ."

"ಪುಣೇದ ಮಶೀನ ಪುಣೇದಾಗ ಐತಿ," ಎಂದಳು ಕಾಕು ಗೋಡೆಯಾಚೆಯಿಂದ. "ನಿಮ್ಮ ಕೈ ಇಲ್ಲಿ ಅದಾವ. ಸಂಬಾಳ್ರಿ."

ಕೆಲಸ ಹೇಳುವುದಕ್ಕೆ ಸುಲಭ. ಕಿರುಬೆರಳು ದಪ್ಪದ ತಾಮ್ರದ ಸರಳನ್ನು ಲೇತಿನ ದವಡೆಯಲ್ಲಿ ಬಿಗಿಯುವುದು. ಎದುರಿಗೆ, ತಿರುಗದ ಕಡೆ, ಅದೇ ದಪ್ಪದ ಜರ್ಮನ್ ಸರಳು. ಎರಡರ ಮುಖವನ್ನೂ ತಿಕ್ಕಿ ಕನ್ನಡಿ ಮಾಡಬೇಕು, ಬೆರಳಿನ ಜಿಡ್ಡೂ ತಾಗಬಾರದು. ಆಮೇಲೆ ತಾಮ್ರ ಗರಗರ ತಿರುಗುತ್ತಿರುವಾಗಲೇ ಜರ್ಮನ್ನನ್ನು ಅದರ ಮುಖಕ್ಕೆ ಒತ್ತಬೇಕು. ಉಜ್ಜಿದ ಬಿಸಿಗೆ ಜರ್ಮನ್ ಮೆತ್ತಗಾಗಿ ಅಂಚಿನಲ್ಲಿ ಸುರುಳಿ ಸುರುಳಿಯಾಗಿ ಹೊರಗೆ ಬರುತ್ತದೆ. ಆ ಕ್ಷಣಕ್ಕೇ ಲೇತ್ ಗಕ್ಕನೆ ನಿಲ್ಲಬೇಕು, ನಿಂತ ಮೇಲೆ ಇನ್ನೂ ಜೋರಾಗಿ ಒತ್ತಿ ಹಿಡಿಯಬೇಕು. ತಡವಾಗಿ ನಿಂತರೆ ನಡುವೆ ಹುಟ್ಟುವ ಪದರ ಕಡಕ್ ರೊಟ್ಟಿಯ ಜಾತಿಯದು, ನೋಡಲು ಗಟ್ಟಿ, ಒಂದು ಪೆಟ್ಟಿಗೆ ಲಟಕ್.

ಒತ್ತುವವನು ಕಾಕಾ. ಪಟ್ಟಾ ಹಾಕಿ ತೆಗೆಯುವವಳು ಕಾಕು. ಪಟ್ಟಾ ತೆಗೆದರೂ ಲೇತ್ ತಿರುಗುತ್ತಲೇ ಇರುತ್ತದಲ್ಲ, ಅದನ್ನು ತಡೆಯಲು ಗಾಲಿಗೆ ಜಾಲಿ ಕಟ್ಟಿಗೆಯ ತುಂಡು ಒತ್ತುವವನು ನಾನು. ಕಟ್ಟಿಗೆ ಕೀಚಲು ದನಿಯಲ್ಲಿ ಚೀರುತ್ತಿತ್ತು, ಹೊಗೆ ಏಳುತ್ತಿತ್ತು. ಆ ನಾತವೇ ಮೊನ್ನೆ ಬಸ್ಸಿನಲ್ಲಿ ಬಂದದ್ದು...

ಮೊದಮೊದಲು ಆಟವೆನಿಸುತ್ತಿತ್ತು. ಜೋಡಿಸುವುದು, ಸುತ್ತಿಗೆಯಲ್ಲಿ ಬಡಿಯುವುದು, ಮುರಿಯುವುದು. "ಕಾಕಾ, ಇವಕ್ಕ ಜಾತಕ ಕೂಡಿಲ್ರಿ" ಎಂದು ನಾನು ಹೇಳುವುದು, ಕಾಕಾ ಅದೇ ಸುತ್ತಿಗೆ ಎತ್ತಿಕೊಂಡು ನನ್ನ ಬೆನ್ನು ಹತ್ತುವುದು.

ಒಂದು ದಿನ ಆಟ ಮುಗಿಯಿತು. ಒತ್ತುತ್ತಿರುವಾಗಲೇ ಜರ್ಮನ್ ಸರಳು ತನ್ನ ಹಿಡಿಕೆಯಿಂದ ಜಾರಿತು. ತಾಮ್ರ ಅದನ್ನು ಕಚ್ಚಿ ಒಂದು ಸುತ್ತು ತಿರುಗಿಸಿ ಎಸೆಯಿತು. ಏನಾಯಿತೆಂದು ಕಣ್ಣಿಗೆ ಕಾಣಲೇ ಇಲ್ಲ. ಕಾಕಾನ ಟೊಪ್ಪಿಗೆ ನೆಲದ ಮೇಲಿತ್ತು. ತಲೆ ಎತ್ತಿದರೆ ತಗಡಿನ ಚಾವಣಿಯಲ್ಲಿ ತೂತು, ಅದರಿಂದ ಬಿಸಿಲು ನೇರವಾಗಿ ಇಳಿದು ಕಾಕಾನ ಪಾದದ ಹತ್ತಿರ ಬಿದ್ದಿತ್ತು. ಕಾಕಾ ಟೊಪ್ಪಿಗೆ ಎತ್ತಿಕೊಳ್ಳಲು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಅವತ್ತು ಪುಣೆಯ ಮಾತು ಬರಲಿಲ್ಲ.

ಅಲ್ಲಿಂದ ಅವನ ಕೂಗು ಬದಲಾಯಿತು. ಸರಳು ಬಿಗಿದು, ಧೋತರಕ್ಕೆ ಕೈ ಒರೆಸಿಕೊಂಡು, ತೂತಿನ ಕಡೆ ಒಮ್ಮೆ ನೋಡಿ ಸುಮ್ಮನೆ ನಿಲ್ಲುವನು. ಇನ್ನು ಕೂಗುವುದೇ ಇಲ್ಲವೇನೋ ಎನ್ನುವಾಗ ಒಡೆದ ದನಿಯಲ್ಲಿ "ಹಾ...ಕ". ಹಿಂದೆಯೇ ಒಂದು ಸಣ್ಣ ಕೆಮ್ಮು. ಇಂಥ ಮಾಲು ಸಿಕ್ಕರೆ ನಾನು ಬಿಡುವವನೇ? ಮೂಗಿನಲ್ಲಿ ಶುರು, ಗಂಟಲಲ್ಲಿ ಬಿರುಕು, ಕೊನೆಗೆ ಕೆಮ್ಮು. ಸಂಜೆ ಮೋಟರು ನಿಂತ ಮೇಲೆ ಚಹಾದ ಹೊತ್ತಿಗೆ ಮಾಡಿ ತೋರಿಸಿದರೆ ಕಾಕಾನೇ ನಗುತ್ತಿದ್ದ. ಕಾಕು ಹಿಟ್ಟಿನ ಕೈಯಲ್ಲೇ ತಲೆ ಬಡಿದುಕೊಂಡು, "ಬರೋಬರಿ ಅವರದಽ ದನಿ. ಈ ಮಂಗ್ಯಾ ಒಂದಿನ ನನ್ನ ದನಿನೂ ಕದೀತಾನ" ಎಂದಿದ್ದಳು. ಆ ಶಿಫಾರಸನ್ನು ನಾನು ತಲೆಗೇರಿಸಿಕೊಂಡೆ.

ಆ ದಿನ ಮುದ್ದೇಬಿಹಾಳದಿಂದ ಒಬ್ಬ ಸಾವ್ಕಾರರು ಬಂದಿದ್ದರು. ಅವರದು ಎಣ್ಣೆಯ ಗಿರಣಿ. ಅವರ ಗೋಡೆಯ ಗಂಟೂ ಸುಡುತ್ತಿತ್ತಂತೆ. ಸಿಂದಗಿಯಲ್ಲಿ ಯಾರೋ ಉಜ್ಜಿ ಕೂಡಿಸುತ್ತಾರೆ ಎಂದು ಕೇಳಿ ಬಂದವರು ಜೋಳದ ಚೀಲದ ಮೇಲೆ ಕೂತು ಚಹಾ ಬಸಿ ಹಿಡಿದಿದ್ದರು. ಕಾಕಾ ಒಂದು ಕೈಯಲ್ಲಿ ಪಾಲಿಶ್ ಕಾಗದ ಹಿಡಿದು, ದವಡೆಯ ನಡುವೆ ಬೆರಳು ತೂರಿಸಿ ತಾಮ್ರದ ಮುಖ ತಿಕ್ಕುತ್ತಿದ್ದ. ಆಚೆ ಕಾಕು ಜೋಳ ಬೀಸುತ್ತಿದ್ದಳು. ಪಟ್ಟಾ ಖಾಲಿ ಗಾಲಿಯ ಮೇಲೆ ಪಟಪಟ ಓಡುತ್ತಿತ್ತು. ನಾನು ಕಾಕಾನಿಗೆ ಬೆನ್ನು ಮಾಡಿ ಸಾವ್ಕಾರರಿಗೆ ಬಾಗೇವಾಡಿಯ ಎತ್ತಿನ ವ್ಯಾಪಾರಿಯನ್ನು ತೋರಿಸುತ್ತಿದ್ದೆ. ಅವರು ನಕ್ಕರು. ಅವರು ನಕ್ಕದ್ದೇ ನನ್ನ ಕೇಡಿಗಾಯಿತು.

"ನಿಮ್ಮ ಕಾಕಾನ್ನೂ ಮಾಡತೀಯಂತಲ್ಲೋ," ಎಂದರು. "ಮಾಡು ನೋಡೂಣು."

ಮಾಡಿದೆ. ಪೂರಾ ಗಂಟಲಿನಿಂದ, ಬಿರುಕಿನ ಸಮೇತ, ಕೆಮ್ಮಿನ ಸಮೇತ.

ಸಾವ್ಕಾರರ ಕಣ್ಣು ನನ್ನನ್ನು ದಾಟಿ ಹಿಂದೆ ಹೋಯಿತು. ಬಸಿಯಿಂದ ಚಹಾ ಅವರ ಧೋತರದ ಮೇಲೆ ಸುರಿಯುತ್ತಿತ್ತು, ಅವರಿಗೆ ಅದರ ಖಬರಿರಲಿಲ್ಲ. ನಾನು ತಿರುಗಿದೆ. ಕಾಕಾ ಕಣ್ಣು ಮುಚ್ಚಿಕೊಂಡಿದ್ದ. ಬೆರಳುಗಳು ದವಡೆಯ ನಡುವೆ ಇದ್ದವು. ಎಳೆದುಕೊಳ್ಳಬೇಕೆಂದು ಅವನಿಗೆ ಹೊಳೆಯಲಿಲ್ಲವೋ, ಕೈ ಮಾತು ಕೇಳಲಿಲ್ಲವೋ... ನಾನು "ಬ್ಯಾಡ" ಎಂದು ಕೂಗಬೇಕೆಂದುಕೊಂಡೆ. ಎಷ್ಟೊಂದು ಜನರ ದನಿ ಇಟ್ಟುಕೊಂಡಿದ್ದ ಗಂಟಲಿನಿಂದ ಒಂದೂ ಹೊರಡಲಿಲ್ಲ. ಕಿಂಡಿಯನ್ನೇ ನೋಡುತ್ತ ನಿಂತೆ. ಪಟ್ಟಾ ಈಗ ಸರಿಯುತ್ತದೆ. ಈಗ. ಇನ್ನೇನು ಈಗ...

ಪಟಪಟ ಸದ್ದು ಹಾಗೇ ಇತ್ತು. ಪಟ್ಟಾ ತನ್ನ ಜಾಗ ಬಿಡಲಿಲ್ಲ.

ಬಾಗಿಲಲ್ಲಿ ಕಾಕು ಬಂದು ನಿಂತಳು. ಬಡಿಗೆ ಅವಳ ಕೈಯಲ್ಲೇ ಇತ್ತು. ಹಿಟ್ಟಿನ ಮುಖದಲ್ಲಿ ಕಣ್ಣೆರಡೇ ಕಪ್ಪಗೆ. ನನ್ನ ಕಡೆ ನೋಡಲಿಲ್ಲ.

"ಕೈ ತೋರಸ್ರಿ," ಎಂದಳು ಗಂಡನಿಗೆ.

ಕಾಕಾ ಕಣ್ಣು ತೆರೆದು, ಬೆರಳುಗಳನ್ನು ಮೆಲ್ಲಗೆ ಹೊರಗೆಳೆದು, ಉಗುರು ತೋರಿಸುವ ಸಾಲಿ ಹುಡುಗನ ಹಾಗೆ ಎರಡೂ ಕೈ ಮುಂದೆ ಹಿಡಿದ. ಅವಳು ನೋಡಿದಳು. ಮಗ್ಗುಲು ಬದಲಿಸು ಎನ್ನುವಂತೆ ಬಡಿಗೆಯಿಂದ ಸನ್ನೆ ಮಾಡಿದಳು. ಅವನು ಅಂಗೈ ಮೇಲೆ ಮಾಡಿ ತೋರಿಸಿದ. ಮತ್ತೊಮ್ಮೆ ನೋಡಿ, ಬಂದ ಹಾಗೇ ಆಚೆ ಹೋದಳು. ಕಾಕಾ ಅಲ್ಲೇ ಕಬ್ಬಿಣದ ಚೂರಿನ ಮೇಲೆಯೇ ಕುಸಿದು ಕೂತ.

ಅವನು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಹೇಳಿದ: "ಏ, ಕೇಳಾಕತ್ತೀಯೇನು? ಇನ್ನ ಬಾಯಿಲೆ ಬ್ಯಾಡ. ಕಬ್ಬಣಾ ಬಡೀತೇನಿ. ಒಂದ ಪೆಟ್ಟಿಗೆ ಹಾಕು, ಎರಡಕ್ಕ ತಗಿ."

"ಕಬ್ಬಣಾ ಯಾರ ಬಡದ್ರೂ ಒಂದಽ ಸಪ್ಪಳ," ಎಂದಿತು ಗೋಡೆ. "ಅದಕ್ಕ ನಾ ಪಟ್ಟಾ ಮುಟ್ಟಾಕಿ ಅಲ್ಲ. ನೀವಽ ಕೂಗ್ರಿ."

ನನಗೆ ಅದು ಹುಚ್ಚು ಹಟವೆನಿಸಿತು. ದನಿ ಕದಿಯುವವನು ಕಣ್ಣೆದುರಿಗೇ ಇರುವಾಗ ದನಿಯನ್ನೇ ನಂಬುತ್ತೇನೆ ಎನ್ನುತ್ತಾಳಲ್ಲ ಎಂದು. ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಅವಳು ಆಗ ಜೋಳ ಸುರಿಯುತ್ತಿದ್ದಿರಬೇಕು, ಬಡಿಗೆ ಕೈಗೆ ಸಿಕ್ಕಿರಲಿಕ್ಕಿಲ್ಲ, ದೇವರು ದೊಡ್ಡವನು, ಹೀಗೆಲ್ಲ ನಾನೇ ಉತ್ತರ ಹೊಂದಿಸಿಕೊಂಡೆ. ಬರೀ ದೈವದಿಂದ ಉಳಿದ ಬೆರಳುಗಳು ಎನ್ನಿಸಿದಷ್ಟೂ ಅಂಜಿಕೆ ಹೆಚ್ಚಾಯಿತು. ಉಣ್ಣುವಾಗ ಅಪ್ಪ ರೊಟ್ಟಿ ಮುರಿದ ಸಪ್ಪಳಕ್ಕೆ ಬೆಚ್ಚಿಬೀಳುತ್ತಿದ್ದೆ. ಅವ್ವ ದೃಷ್ಟಿ ತೆಗೆದಳು. ಓಣಿಯವರು "ಏನಪಾ, ಮಂಗ್ಯಾ ಮನಷ್ಯಾ ಆಗ್ಯಾನಲ್ಲ" ಎಂದು ಆಡಿಕೊಂಡರು. ಕೆಲಸ ಬಿಡೋಣವೆಂದರೆ ಅಪ್ಪನಿಗೆ ಕಾರಣ ಹೇಳಬೇಕು. ಹೀಗಾಗಿ ಅಂಜಿಕೆಗೆ ಅಂಜಿ ದಿನಾ ಹೋಗುತ್ತಿದ್ದೆ.

ಕಾಕಾ ನನ್ನನ್ನು ಬಿಡಿಸಲಿಲ್ಲ. ಜಾಲಿ ತುಂಡು ನನ್ನ ಕೈಯಲ್ಲೇ ಉಳಿಯಿತು. ಈಗ ಅವನು ಕೂಗುವ ಮುಂಚೆ ಸುಮ್ಮನೆ ನಿಂತಾಗ ನಾನೂ ಸುಮ್ಮನೆ ನಿಲ್ಲುತ್ತಿದ್ದೆ. ಅವನ ಕೈ ಎಲ್ಲಿದೆ, ಸರಳು ಬಿಗಿಯಾಗಿದೆಯೇ, ತೂತು ಎಲ್ಲಿದೆ... ಎಲ್ಲ ನೋಡಿ ನೋಡಿ ನನ್ನ ಅಂಗೈಯೂ ಬೆವರುತ್ತಿತ್ತು.

ಬೆವರುವ ಕೈ ಬೇಗ ಒತ್ತುತ್ತದೆಯೋ ಏನೋ, ಲೇತ್ ಮುಂಚಿನಕ್ಕಿಂತ ಗಕ್ಕನೆ ನಿಲ್ಲತೊಡಗಿತು. ಒಂದು ಮಧ್ಯಾಹ್ನ ಹೊರಬಂದ ಸರಳನ್ನು ಕಾಕಾ ಹಿಡಿಕೆಗೆ ಸಿಕ್ಕಿಸಿ ಸುತ್ತಿಗೆಯಿಂದ ಬಡಿದ. ಲಟಕ್ ಎನ್ನಲಿಲ್ಲ. ಇನ್ನೊಂದು ಪೆಟ್ಟು. ಜರ್ಮನ್ ಬಾಗಿತು, ಬಾಗಿ ಕೊಕ್ಕೆಯಾಯಿತು. ಕೆಂಪು ಬಿಳಿ ಸೇರಿದ ಗೆರೆ ಮಾತ್ರ ಹಾಗೇ ಇತ್ತು. ಕಾಕಾ ಅದನ್ನು ಹಿಡಿದುಕೊಂಡು ಆಚೆ ಹೋದ. ಕಾಕು ಕೈಗೆ ತೆಗೆದುಕೊಂಡು, ತಿರುಗಿಸಿ, ಮೂಗಿಗೆ ಹಿಡಿದು ಮೂಸಿದಳು. ಹಿಂದಕ್ಕೆ ಕೊಟ್ಟಳು.

ಆಮೇಲೆ ಹಾಗೆಯೇ ಬಂದ ಸರಳುಗಳನ್ನು ತುಂಡು ಮಾಡಿ ಗೋಡೆಗೆ ಕೂರಿಸಿದರು. ವಾಯರಮನ್ ಜರ್ಮನ್ ತುದಿಗೆ ಕಂಬದ ತಂತಿ, ತಾಮ್ರದ ತುದಿಗೆ ಮೋಟರಿನ ತಂತಿ ಬಿಗಿದ. ಕಾಕು ಮತ್ತೂ ಎಷ್ಟೋ ದಿನ ಗೋಡೆಯನ್ನೇ ನೋಡುತ್ತ ಕೂತಳು. ಮಳೆಗಾಲ ಹೋಯಿತು. ಬಿಳಿ ಬೂದಿ ಏಳಲಿಲ್ಲ. ಒಂದು ದಿನ ನಾನು ಚಹಾ ಕೊಡಲು ಹೋದರೆ ಅವಳು ಅದೇ ಗೋಡೆಗೆ ಬೆನ್ನು ಆನಿಸಿ, ಕಾಲು ಚಾಚಿ, ಮಡಿಲಲ್ಲಿ ಜೋಳದ ಮೊರ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಹುಬ್ಬು ಮತ್ತೆ ಬಂದಿದ್ದವು. ಚಹಾ ಆರಲಿ ಎಂದು ಬಿಟ್ಟು ಬಂದೆ.

ಎಮ್ಮೆ ಅಡ್ಡ ಬಂದ ದಿನ ಸಿಂದಗಿಯಲ್ಲಿ ಬಸ್ಸು ನಿಂತಾಗ ಚಹಾದಂಗಡಿಯವನನ್ನು ಗಿರಣಿಯ ಬಗ್ಗೆ ಕೇಳಿದೆ. "ಗೊತ್ತಿಲ್ಲೇನು? ಕಾಕು ತೀರಿಹೋಗಿ ಆರ ತಿಂಗಳಾತು" ಎಂದ. ಕಾಕಾ ಇಂಡಿಯಲ್ಲಿ ಮಗಳ ಮನೆ ಸೇರಿದ್ದಾನಂತೆ. ಓಣಿ ಬಿಟ್ಟು ವರ್ಷಗಳಾದರೂ ವಾರಕ್ಕೆಷ್ಟೋ ಸಲ ಆ ಊರಿನ ಮೇಲೆ ಹಾಯುವವನಿಗೆ ಆರು ತಿಂಗಳ ಸುದ್ದಿ ಗೊತ್ತಿಲ್ಲ. ಓಡಿಹೋಗಿ ನೋಡಿಬಂದೆ. ಲೇತಿನ ಕಡೆ ಬೀಗ. ಗಿರಣಿಯ ಕಿಟಕಿಯಲ್ಲಿ ಹಣಿಕಿದರೆ ಗೋಡೆಯ ಮೇಲೆ ಆ ತುಂಡುಗಳು ಇನ್ನೂ ಇದ್ದವು, ಅರ್ಧ ಕೆಂಪು, ಅರ್ಧ ಬಿಳಿ, ಮೇಲೆ ಹಳೆಯ ಹಿಟ್ಟು. ಗಾಳಿ ಮೂಸಿದೆ, ಅವಳ ಹಾಗೆಯೇ, ಮೂಗು ಮೇಲೆತ್ತಿ. ಏನೂ ನಾತವಿರಲಿಲ್ಲ. ನೋಡಿ ನಗಲು ಯಾರೂ ಇರಲಿಲ್ಲ.

ಪ್ರಯಾಣಿಕರು ಈಗಲೂ ಯಾರದಾದರೂ ದನಿ ಮಾಡೆಂದು ಕಾಡುತ್ತಾರೆ. ಮಾಡುತ್ತೇನೆ, ಡಿಪೋದ ಸಾಹೇಬರದೂ ಮಾಡುತ್ತೇನೆ. ಆದರೆ "ರೈಟ್" ಎಂದು ಕೂಗುವ ಮುಂಚೆ ತಡೆಯುತ್ತೇನೆ. ಡ್ರೈವರಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ, ನನ್ನ ದನಿಯ ಮೇಲೆ ಬಸ್ಸು ಬಿಡುತ್ತಾನೆ. ಮೆಟ್ಟಿಲ ಮೇಲೆ ಯಾವ ಮುದುಕಿಯ ಕಾಲಿದೆಯೋ, ಯಾರ ಸೆರಗು ಸಿಕ್ಕಿದೆಯೋ... ನೋಡಿ, ಉಸಿರು ತೆಗೆದುಕೊಂಡು ಕೂಗುತ್ತೇನೆ. "ಏನೋ, ಕಂಡಕ್ಟರ್ ಆಗಿ ಇಷ್ಟ ವರ್ಷ ಆದ್ರೂ ರೈಟ್ ಅನ್ನಾಕ ನಡಗತೀಯಲ್ಲ" ಎಂದು ಡ್ರೈವರು ಹಾಸ್ಯ ಮಾಡುತ್ತಾನೆ. ಮಾಡಲಿ.

ಕಂಡಕ್ಟರ್ ಕೆಲಸ ಸಿಕ್ಕ ದಿನ ಖಾಕಿ ಹಾಕಿಕೊಂಡು ಗಿರಣಿಗೆ ತೋರಿಸಲು ಹೋಗಿದ್ದೆ. ಕಾಕು ಬಾಯಿಗೆ ಸಕ್ಕರೆ ಹಾಕಿದಳು. ಅಂಗಿಯ ಮೇಲೆ ಹಿಟ್ಟಿನ ಕೈ ಮೂಡಿತು. ಅವತ್ತು ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಕಾಕು, ಅವತ್ತ ನಾ ಕೂಗಿದಾಗ ಪಟ್ಟಾ ಯಾಕ ಹಾಕಲಿಲ್ರಿ? ದನಿ ಸರಿ ಬಂದಿದ್ದಿಲ್ಲೇನ್ರಿ?"

ಅವಳು ಜೋಳ ಸುರಿಯುವುದನ್ನು ನಿಲ್ಲಿಸಲಿಲ್ಲ.

"ದನಿ ನಿಮ್ಮ ಕಾಕಾಂದಽ ಇತ್ತು ಮಂಗ್ಯಾ, ಕೆಮ್ಮು ಸುದ್ದಾ. ಆದ್ರ ಅವರ ಕೂಗಿನಾಗ ಅಂಜಿಕಿ ಇರತೈತಿ, ನಿಂದ್ರಾಗ ಇರಲಿಲ್ಲ. ಅಂಜಲಾರದವನ ಮಾತಿಗೆ ನಾ ಪಟ್ಟಾ ಹಾಕೂದಿಲ್ಲ."